ಲಾಭ, ಎರಡು, ಮೂರು

ಹತ್ತಿ ಮೆತ್ತಗೆ ಅನ್ನುವವರು
ರಾಯಚೂರಿನ ಜಿನ್ನಿಂಗ್ ಮಿಲ್ಲಿನೊಳಗೆ
ಒಮ್ಮೆ ನಿಂತು ನೋಡಬೇಕು.
ಅಲ್ಲಿ ಪ್ರೆಸ್ಸು ಅದನ್ನು ತುಳಿದು ತುಳಿದು
ಕಬ್ಬಿಣದ ಪಟ್ಟಿ ಬಿಗಿದು
ನೂರಾ ಎಪ್ಪತ್ತು ಕಿಲೋದ ಕಲ್ಲು ಮಾಡಿ
ಹೊರಗೆ ದಬ್ಬುತ್ತದೆ.

ಅಂಥದೊಂದು ಬೇಲು
ಲಾರಿಯ ಮೂರನೇ ಸಾಲಿನಿಂದ ಜಾರಿ
ಮೌಲಪ್ಪನ ಎದೆಗೆ ಬಂತು.
ಚರ್ಮ ಹರಿದಿಲ್ಲ. ರಕ್ತ ಇಲ್ಲ.
ಅಂಗಿಯ ಗುಂಡಿ ಅಚ್ಚೊತ್ತಿ
ಎದೆ ನಡುವೆ ದುಂಡನೆ ಗುರುತು, ಅಷ್ಟೇ.
"ಏನೂ ಆಗಿಲ್ಲ, ದಮ್ಮು ಹತ್ಯಾದಷ್ಟ" ಅಂತ
ಎದ್ದು ಕೂತು ನೀರು ಕೇಳಿದನಂತೆ.
ಕರೆತಂದವರು ಹೇಳಿದ್ದು.

ನಮ್ಮ ಕೈಗೆ ಬಂದಾಗ ರಾತ್ರಿ ಹನ್ನೊಂದೂಕಾಲು.
ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿದ್ದವು.
ಬಿಪಿ ಅರವತ್ತು, ಆಮೇಲೆ ಐವತ್ತು.
ಸ್ಟೆತಾಸ್ಕೋಪಿನಲ್ಲಿ ಎದೆಬಡಿತ
ಗೋಡೆಯಾಚೆ ಯಾರೋ ಕೌದಿ ಝಾಡಿಸಿದಷ್ಟು ಮಂದ.
ಸ್ಕ್ಯಾನಿನ ಪರದೆಯ ಮೇಲೆ
ಹೃದಯದ ಸುತ್ತ ಕರ್ರಗೆ ಒಂದು ಉಂಗುರ:
ಒಳಗೇ ಸೋರಿದ ರಕ್ತ
ಚೀಲದಲ್ಲಿ ಸಿಕ್ಕಿಬಿದ್ದು
ತನ್ನ ಮನೆಯನ್ನೇ ಹಿಸುಕುತ್ತಿತ್ತು,
ಮಿಲ್ಲಿನ ಪ್ರೆಸ್ಸಿನ ಹಾಗೆ.

"ಹೈದರಾಬಾದಿಗೆ ಒಯ್ಯೋಣೇನ್ರಿ?" ಮುಕಾದಮ ಕೇಳಿದ,
ಕೈಯಲ್ಲಿ ಸೇಠ್ ಕೊಟ್ಟ ನೋಟಿನ ಕಂತೆ.
"ಕೃಷ್ಣಾ ಬ್ರಿಜ್ ಸುದ್ದಾ ದಾಟಂಗಿಲ್ಲ ಇಂವ"
ಅಂದರು ಡಾಕ್ಟರ್ ತಸ್ನೀಮ್.
ಅವರು ಹೃದಯದ ಡಾಕ್ಟರಲ್ಲ.
ಹರ್ನಿಯಾ, ಅಪೆಂಡಿಕ್ಸ್,
ಜಗಳದಲ್ಲಿ ಹೊಟ್ಟೆಗೆ ಚಾಕು ಬಿದ್ದವರು,
ಇವೇ ಅವರ ದಿನ.
"ರೂತಮ್ಮ, ಬಾಗಿಲು ತೆಗಿ" ಅಂದರು.
ಓಟಿಯದೋ ಅವನ ಎದೆಯದೋ, ನಾನು ಕೇಳಲಿಲ್ಲ.

ಎದೆಮೂಳೆ ಕೊಯ್ಯುವ ಗರಗಸ ನಮ್ಮಲ್ಲಿಲ್ಲ.
ಮೂಳೆ ವಿಭಾಗದ ತಂತಿ ಗರಗಸ ತಂದೆವು.
ಎರಡೂ ಕೈಲಿ ಹಿಡಿದು ಅವರು ಎಳೆಯುವಾಗ
ಸೇರಿ ತಿಂಗಳೂ ಆಗದ ಪಿಜಿ ಹುಡುಗ ಕಣ್ಣು ಮುಚ್ಚಿದ.
ಒಳಗೆ ಚೀಲ ಬದನೆಯ ಬಣ್ಣಕ್ಕೆ ತಿರುಗಿ ಬಿಗಿದಿತ್ತು.
ಕತ್ತರಿ ತಾಗಿದ್ದೇ ತಡ
ಹೆಪ್ಪು ಹೊರಬಿತ್ತು, ಹಿಂದೆಯೇ ಬಿಸಿರಕ್ತ.
ಬಿಪಿ ಎಂಬತ್ತು. ತೊಂಬತ್ತು.
ಅರಿವಳಿಕೆಯ ಸರ್ "ಬಂತು, ಬಂತು!" ಅಂದರು,
ಕರೆಂಟು ಬಂದಾಗ ಓಣಿಯ ಮಕ್ಕಳು ಕೂಗುವಂತೆ.

ಬಲಗಡೆ ಮೇಲಿನ ಕೋಣೆಯಲ್ಲಿ ಹರುಕು.
ಅದರ ಮೇಲೆ ಮೇಡಂ ತೋರುಬೆರಳಿಟ್ಟರು.
ಇಟ್ಟು, ಸುಮ್ಮನೆ ನಿಂತರು.
"ಬೆರಳಿಗೆ ಒದೀಲಿಕತ್ಯಾದ" ಅಂದರು,
ಯಾರಿಗೂ ಅಲ್ಲ.
ಆಮೇಲೆ ಸೂಜಿ ಕೇಳಿದರು.

ನನ್ನ ಕೆಲಸ ಎಣಿಸುವುದು.
ಒಳಗೆ ಹೋದ ಹತ್ತಿಯ ಅರಿವೆ ಎಷ್ಟು, ಹೊರಬಂದದ್ದೆಷ್ಟು.
ನನ್ನಪ್ಪ ಗಂಜಿನಲ್ಲಿ ಚೀಲ ಹೊತ್ತವನು.
ಒಂದು ಅಂತ ಎಂದೂ ಅನ್ನುತ್ತಿರಲಿಲ್ಲ,
ಅವನ ಎಣಿಕೆ ಶುರುವಾಗುತ್ತಿದ್ದುದೇ ಲಾಭದಿಂದ.
ಲಾಭ, ಎರಡು, ಮೂರು.
ಲಾಭ ಯಾರಿಗೆ ಅಂತ ಕೇಳಿದ್ದಕ್ಕೆ
ತಲೆ ಸವರಿ ನಕ್ಕಿದ್ದ.
ನರ್ಸಿಂಗ್ ಶಾಲೆಯಲ್ಲಿ ಆ ರೂಢಿ ಬಿಡಿಸಿದರು.
ಆ ರಾತ್ರಿ ಬಾಯಿ ತಾನಾಗಿ ಹಳೆಯದಕ್ಕೆ ಹೊರಳಿತು.

ಹೊಲಿಗೆ ಮುಗಿದಾಗ ಎರಡೂವರೆ.
"ಮುಚ್ಚಲೇನು?"
ಲಾಭ, ಎರಡು, ಮೂರು... ಇಪ್ಪತ್ತಮೂರು.
ಕೊಟ್ಟದ್ದು ಇಪ್ಪತ್ತನಾಲ್ಕು.
"ಬ್ಯಾಡ್ರಿ ಮೇಡಂ, ಒಂದು ಕಮ್ಮಿ ಅದ."
ಬಕೆಟ್ಟು ಸುರಿದೆವು. ಮೇಜಿನ ಕೆಳಗೆ ತೆವಳಿದೆವು.
ಹುಡುಗ ತನ್ನ ಚಪ್ಪಲಿಯನ್ನೂ ಎತ್ತಿ ನೋಡಿದ.
ಕೊನೆಗೆ ಅವರು ಕೈಯನ್ನು ಮೆಲ್ಲಗೆ
ಮಿಡಿಯುವ ಹೃದಯದ ಬೆನ್ನ ಹಿಂದೆ ಜಾರಿಸಿ
ಎಳೆದು ತಂದರು: ತೊಯ್ದು, ಕೆಂಪಾಗಿ, ಮೆತ್ತಗೆ,
ಎಲ್ಲೋ ಕರಿಮಣ್ಣಿನಲ್ಲಿ ಬಿಳಿಯಾಗಿ ಒಡೆದದ್ದು.

ಹೊರಗೆ ಕಟ್ಟೆಯ ಮೇಲೆ ಹನ್ನೊಂದು ಹಮಾಲರು,
ರಕ್ತ ಕೊಟ್ಟ ತೋಳಿಗೆ ಹತ್ತಿಯ ತುಂಡು ಒತ್ತಿಕೊಂಡು,
ತಲೆಗೂದಲಲ್ಲಿ ಇನ್ನೂ ಮಿಲ್ಲಿನ ಎಳೆ.
ಉಳೀತಾನೇನ್ರಿ ಅಂದರು.
ಗೊತ್ತಿಲ್ಲ, ಸದ್ಯಕ್ಕ ಬಡೀಲಿಕತ್ಯಾದ ಅಂದೆ.
ಮುದುಕನೊಬ್ಬ ಮಾತ್ರ ತಡೆದು ಕೇಳಿದ:
"ಮತ್ತ ಚೀಲ ಎತ್ತಬಹುದೇನ್ರಿ ಅಂವ?"

ನಾನು ಒಳಗೆ ಹೋಗಿ ರಿಜಿಸ್ಟರಿನಲ್ಲಿ ಬರೆದೆ:
ಕೊಟ್ಟದ್ದು ಇಪ್ಪತ್ತನಾಲ್ಕು,
ಬಂದದ್ದು ಇಪ್ಪತ್ತನಾಲ್ಕು.